ಎಂಟು ಪ್ಲಗ್ಗುಗಳ ಲೆಕ್ಕ

ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ತಂಗಿಯ ಮಗ ಒಂದು ಯಮಹಾ ಆರ್‌ಎಕ್ಸ್ 100 ಬೈಕನ್ನು ತಳ್ಳಿಕೊಂಡು ನಮ್ಮ ಮನೆಯ ಅಂಗಳಕ್ಕೆ ತಂದ. ಮಡ್‌ಗಾರ್ಡು ಕಿತ್ತು, ಗುಬುಟು ಗುಬುಟಾದ ಟೈರು ಹಾಕಿ, ಅದನ್ನು ಮಣ್ಣಿನ ಟ್ರ್ಯಾಕಿನಲ್ಲಿ ಓಡಿಸುವ ಬೈಕನ್ನಾಗಿ ಮಾಡಿಕೊಂಡಿದ್ದರು. ಹುಡುಗನ ಅಂಗಿ ಬೆವರಿನಲ್ಲಿ ತೊಯ್ದಿತ್ತು.

"ಮಾಮು, ಮೂರು ಪ್ಲಗ್ ಚೇಂಜ್ ಮಾಡ್ದೆ. ಮೂರೂ ಹೋದ್ವು. ಎರಡು ರೌಂಡು ಓಡುತ್ತೆ, ಆಮೇಲೆ ಬಕ್ ಬಕ್ ಅಂತ ನಿಂತ್‌ಬಿಡುತ್ತೆ" ಎಂದ.

ನಾವು ನಗಲಿಲ್ಲ. ಮೂರು ಪ್ಲಗ್ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ನಮಗೆ ಎಂಟು ಪ್ಲಗ್ಗುಗಳ ಒಂದು ಹಳೆಯ ಲೆಕ್ಕ ನೆನಪಾಯಿತು. ಆ ಲೆಕ್ಕವನ್ನು ಇಷ್ಟು ವರ್ಷ ಯಾವ ಕಥೆಯಲ್ಲೂ ಬರೆಯಲಾಗಲಿಲ್ಲ. ಈಗ ಬರೆಯುತ್ತಿದ್ದೇವೆ.

'ನಾವು' ಎಂದು ಬರೆಯುವುದಕ್ಕೆ ಓದುಗರು ಬೇಸರಿಸಬಾರದು. ಮನೆಯಲ್ಲಿ ಮತ್ತು ನಾಲ್ಕನೇ ತರಗತಿಯವರೆಗಿನ ಉರ್ದು ಶಾಲೆಯಲ್ಲಿ ನಮಗೆ ರೂಢಿಯಾದದ್ದು 'ಹಮ್'. ಕನ್ನಡ ಶಾಲೆಗೆ ಬಂದ ಮೇಲೂ "ನಾವು ಹೋಂವರ್ಕ್ ಮಾಡಿಲ್ಲ ಸಾರ್" ಎಂದೇ ಹೇಳುತ್ತಿದ್ದೆವು. ಹೈಸ್ಕೂಲಿನ ಕನ್ನಡ ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿ, "ಎಷ್ಟು ಜನ ಇದ್ದೀರಯ್ಯಾ ನೀವು?" ಎಂದು ಕೇಳುತ್ತಿದ್ದರು. ಇಡೀ ಕ್ಲಾಸು ನಗುತ್ತಿತ್ತು. ಆ ಮೇಷ್ಟ್ರೇ ಈ ಲೇಖನದ ಮುಖ್ಯ ವ್ಯಕ್ತಿ. ಇನ್ನೊಬ್ಬರು ನಮ್ಮ ಮಾಮು, ಅಂದರೆ ಅಮ್ಮಿಯ ಅಣ್ಣ.

ಮಾಮುವಿಗೆ ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಒಂದು ಗ್ಯಾರೇಜು ಇತ್ತು. ಗ್ಯಾರೇಜು ಎಂದರೆ ತಗಡಿನ ಚಾವಣಿ, ಒಂದು ಮರದ ಹಲಗೆ, ಎಣ್ಣೆ ಕುಡಿದು ಕರ್ರಗಾದ ನೆಲ. ಬರುತ್ತಿದ್ದುದೆಲ್ಲ ಟೂ ಸ್ಟ್ರೋಕ್ ಗಾಡಿಗಳೇ. ಮೈಸೂರಿನಲ್ಲಿ ಅದಕ್ಕೆ ಬರವಿರಲಿಲ್ಲ. ಚೆಕೊಸ್ಲೊವಾಕಿಯಾದ ಜಾವಾ ಬೈಕನ್ನು ಇರಾನಿ ಕುಟುಂಬದವರು 1961ರಿಂದ ಇಲ್ಲಿಯೇ ತಯಾರಿಸತೊಡಗಿದರು. 1973ರಿಂದ ಅದಕ್ಕೆ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಅದೇ ವರ್ಷ ಆರ್‌ಎಕ್ಸ್ 100 ತಯಾರಿಕೆಯೂ ನಿಂತಿತು. ನಾವು ಗ್ಯಾರೇಜಿನಲ್ಲಿ ಕೈ ಕಪ್ಪು ಮಾಡಿಕೊಂಡದ್ದು ಇವೆರಡೂ ಇನ್ನೂ ಹೊಸದಾಗಿ ರಸ್ತೆಗಿಳಿಯುತ್ತಿದ್ದ ಕೊನೆಯ ದಿನಗಳಲ್ಲಿ, 1994 ಮತ್ತು 95ರಲ್ಲಿ. ಶಾಲೆ ಬಿಟ್ಟ ಮೇಲೆ ಸಂಜೆ, ರಜೆಯಲ್ಲಿ ಇಡೀ ದಿನ.

ಟೂ ಸ್ಟ್ರೋಕ್ ಎಂಜಿನ್ನಿನ ಸ್ವಭಾವ ಸರಳ. ಅದಕ್ಕೆ ಪಿಸ್ಟನ್ನಿನ ಕೆಳಗಿನ ಕ್ರ್ಯಾಂಕಿಗೆಂದು ಬೇರೆ ಎಣ್ಣೆಯ ತೊಟ್ಟಿ ಇರುವುದಿಲ್ಲ. ಪೆಟ್ರೋಲಿನ ಜೊತೆಯಲ್ಲೇ ಎಣ್ಣೆ ಒಳಗೆ ಹೋಗಬೇಕು, ಬೇರಿಂಗು, ಪಿಸ್ಟನ್ನು, ಸಿಲಿಂಡರಿನ ಗೋಡೆ ಎಲ್ಲವನ್ನೂ ಸವರಬೇಕು, ಕೊನೆಗೆ ಪೆಟ್ರೋಲಿನ ಜೊತೆಗೆ ತಾನೂ ಉರಿದುಹೋಗಬೇಕು. ಯೆಜ್ಡಿಯ ಬಹುಪಾಲು ಗಾಡಿಗಳಲ್ಲಿ ಈ ಎಣ್ಣೆಯನ್ನು ಟ್ಯಾಂಕಿನಲ್ಲೇ ಬೆರೆಸಬೇಕಿತ್ತು. ಮಾಮುವಿನ ಲೆಕ್ಕ ಲೀಟರಿಗೆ 40 ಮಿಲಿ. ಆರ್‌ಎಕ್ಸ್‌ನಲ್ಲಿ ಬೇರೆ ಡಬ್ಬಿ, ಬೇರೆ ಪಂಪು. ಆಕ್ಸಿಲರೇಟರ್ ತಿರುಗಿಸಿದಷ್ಟು ಪಂಪು ಎಣ್ಣೆ ಕೊಡುತ್ತದೆ.

ಎಣ್ಣೆ ಪೆಟ್ರೋಲಿನಷ್ಟು ಚೊಕ್ಕವಾಗಿ ಉರಿಯುವುದಿಲ್ಲ. ಮಸಿ ಉಳಿಯುತ್ತದೆ. ಆ ಮಸಿ ಪ್ಲಗ್ಗಿನ ತುದಿಯ ಬಿಳಿ ಪಿಂಗಾಣಿಯ ಮೇಲೆ ಕೂರುತ್ತದೆ. ಮಸಿಯಲ್ಲಿ ವಿದ್ಯುತ್ ಹರಿಯುತ್ತದೆ. ಆಗ ಕಿಡಿ ಎರಡು ತುದಿಗಳ ನಡುವೆ ಹಾರುವ ಬದಲು ಮಸಿಯ ಮೇಲೆ ಸುಮ್ಮನೆ ಜಾರಿಹೋಗುತ್ತದೆ. ಗಾಡಿ ಬಕ್ ಬಕ್ ಎಂದು ನಿಲ್ಲುತ್ತದೆ. ಕೆಲವೊಮ್ಮೆ ಕೂದಲೆಳೆಯಂತೆ ಒಂದು ಮಸಿಯ ದಾರ ಎರಡು ತುದಿಗಳನ್ನೂ ಸೇರಿಸಿ ಸೇತುವೆ ಕಟ್ಟಿಬಿಡುತ್ತದೆ. ಅದಂತೂ ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ.

ಪ್ಲಗ್ ಬಿಚ್ಚಿದರೆ ಮಾಮು ಮೊದಲು ಅದನ್ನು ಒರೆಸಲು ಬಿಡುತ್ತಿರಲಿಲ್ಲ. ಹಕೀಮರು ನಾಲಿಗೆ ನೋಡುವ ಹಾಗೆ ಬೆಳಕಿಗೆ ಹಿಡಿದು ನೋಡುತ್ತಿದ್ದರು. ತುದಿ ಚಹಾಕ್ಕೆ ಅದ್ದಿದ ಬಿಸ್ಕತ್ತಿನ ಬಣ್ಣವಿದ್ದರೆ ಎಂಜಿನ್ನು ಸುಖವಾಗಿದೆ. ಒಣ ಮಸಿ, ಬೆರಳಿಗೆ ಕಾಡಿಗೆಯಂತೆ ಹತ್ತಿದರೆ ಪೆಟ್ರೋಲು ಹೆಚ್ಚು ಅಥವಾ ಗಾಳಿ ಕಡಿಮೆ: ಏರ್ ಫಿಲ್ಟರು ಕಟ್ಟಿದೆ, ಚೋಕು ಎಳೆದೇ ಉಳಿದಿದೆ, ಕಾರ್ಬುರೇಟರಿನ ಫ್ಲೋಟು ತುಂಬಿ ಹರಿಯುತ್ತಿದೆ, ಇಲ್ಲವೇ ಸೂಜಿ ಮೇಲೆ ನಿಂತಿದೆ. ಒದ್ದೆ ಮಸಿ, ಜಿಡ್ಡು ಹೊಳೆಯುತ್ತಿದ್ದರೆ ಎಣ್ಣೆ ಹೆಚ್ಚು ಅಥವಾ ಕಿಡಿ ಕಡಿಮೆ. ಬೆಳ್ಳಗೆ ಸುಣ್ಣದಂತೆ ಇದ್ದು ಸಣ್ಣ ಸಣ್ಣ ಗುಳ್ಳೆ ಎದ್ದಿದ್ದರೆ ಎಲ್ಲಕ್ಕಿಂತ ಅಪಾಯ. ಎಂಜಿನ್ನು ಬೇಯುತ್ತಿದೆ, ಎಲ್ಲೋ ಕಳ್ಳ ಗಾಳಿ ಎಳೆಯುತ್ತಿದೆ, ಪಿಸ್ಟನ್ನು ಹಿಡಿದುಕೊಳ್ಳುವ ದಿನ ದೂರವಿಲ್ಲ. "ಕಪ್ಪು ಪ್ಲಗ್ಗು ನಿಮ್ಮನ್ನು ರಸ್ತೆಯಲ್ಲಿ ನಿಲ್ಲಿಸುತ್ತೆ, ಬಿಳಿ ಪ್ಲಗ್ಗು ಎಂಜಿನ್ನನ್ನೇ ತಿನ್ನುತ್ತೆ" ಎನ್ನುತ್ತಿದ್ದರು. ಕಪ್ಪಿಗೆ ಹೆದರಿ ಎಣ್ಣೆಯನ್ನೇ ಕಡಿಮೆ ಮಾಡಿದವರು ಪ್ಲಗ್ ಉಳಿಸಿಕೊಂಡು ಪಿಸ್ಟನ್ ಕಳೆದುಕೊಂಡದ್ದನ್ನು ನಾವು ಎಷ್ಟೋ ಸಲ ನೋಡಿದೆವು.

ಅವರು ಇನ್ನೊಂದು ಮಾತು ಹೇಳುತ್ತಿದ್ದರು, ನಮ್ಮ ದಖನಿಯಲ್ಲಿ: "ಪ್ಲಗ್ ಗವಾ ಹೈ, ಚೋರ್ ನೈ." ಪ್ಲಗ್ಗು ಸಾಕ್ಷಿ, ಕಳ್ಳನಲ್ಲ. ಸಾಕ್ಷಿಯನ್ನು ಎತ್ತಿ ಬಿಸಾಡಿ ಹೊಸ ಸಾಕ್ಷಿಯನ್ನು ತಂದು ಕೂರಿಸಿದರೆ ಕಳ್ಳ ಸಿಗುವುದಿಲ್ಲ. ಈ ಮಾತು ನಮಗೆ ಬಾಯಿಪಾಠವಾಗಿತ್ತು. ಬಾಯಿಪಾಠ ಮಾತ್ರ ಆಗಿತ್ತು.

ಒಮ್ಮೆ ದಸರಾ ರಜೆಯಲ್ಲಿ ಊರ ಹೊರಗಿನ ಒಂದು ಮೈದಾನದಲ್ಲಿ ಮಣ್ಣಿನ ಟ್ರ್ಯಾಕಿನ ರೇಸು ನಡೆಯಿತು. ಹಾಲಿನವರ ಮಗನೊಬ್ಬ ನಮ್ಮ ಗೆಳೆಯ. ಅವನ ಆರ್‌ಎಕ್ಸನ್ನು ಮಾಮುವೇ ತಯಾರು ಮಾಡಿದ್ದರು. ರೇಸಿನ ಗಾಡಿಗೆ ಜೋರು ಓಟದಲ್ಲಿ ಬೇಯಬಾರದೆಂದು ಪೆಟ್ರೋಲು ಸ್ವಲ್ಪ ಧಾರಾಳವಾಗಿ ಬಿಟ್ಟಿರುತ್ತಾರೆ, ಪ್ಲಗ್ಗೂ ಬೇಗ ತಣಿಯುವ ಜಾತಿಯದು. ಅಂಥ ಗಾಡಿ ಓಡುತ್ತಲೇ ಇರಬೇಕು. ಸಾಲಾಗಿ ಗಾಡಿಗಳು ನಿಂತವು, ಎಂಜಿನ್ನು ಶುರುವಾದವು. ಅಷ್ಟರಲ್ಲಿ ಮುಖ್ಯ ಅತಿಥಿಗಳು ಮೈಕು ಹಿಡಿದರು. ನಾಡು, ನುಡಿ, ಯುವಶಕ್ತಿ ಎಂದು ಮಾತು ಹರಿಯಿತು. ಮಾಮು ದೂರದಿಂದ "ಬಂದ್ ಮಾಡು, ಬಂದ್ ಮಾಡು" ಎಂದು ಕೈಸನ್ನೆ ಮಾಡಿದರು. ನಾವು ಪಕ್ಕದಲ್ಲೇ ನಿಂತು, "ಬೇಡ ಬೇಡ, ಎಲ್ಲರದೂ ಚಾಲೂ ಇದೆ" ಎಂದೆವು. ಬಾವುಟ ಇಳಿಯುವ ಹೊತ್ತಿಗೆ ನಮ್ಮ ಗೆಳೆಯನ ಪ್ಲಗ್ಗು ಜಿಡ್ಡಿನಲ್ಲಿ ಮುಳುಗಿತ್ತು. ಎಲ್ಲರೂ ಹೋದರು, ಅವನು ಅಲ್ಲೇ ಕಿಕ್ ಹೊಡೆಯುತ್ತಾ ಉಳಿದ. ಧೂಳು ತಿಂದು ಮನೆಗೆ ಬಂದೆವು. ಭಾಷಣಕ್ಕೂ ಪ್ಲಗ್ಗಿಗೂ ಇರುವ ಸಂಬಂಧ ಆ ದಿನ ತಿಳಿಯಿತು. ಅದು ನಗುವ ಕಥೆ. ಮುಂದಿನದು ಅಲ್ಲ.

ಕನ್ನಡ ಮೇಷ್ಟ್ರು ಹಳೆಯದೊಂದು ಯೆಜ್ಡಿ ಕೊಂಡಿದ್ದರು. ಅವರ ತಾಯಿ ನಂಜನಗೂಡಿನ ಆಚೆಯ ಹಳ್ಳಿಯಲ್ಲಿ ಹಾಸಿಗೆ ಹಿಡಿದಿದ್ದರು. ಸಂಜೆ ಶಾಲೆ ಮುಗಿಸಿ ಹೋಗಿ, ಬೆಳಿಗ್ಗೆ ಶಾಲೆಯ ಹೊತ್ತಿಗೆ ಬರುವುದಕ್ಕೆ ಆ ಗಾಡಿ. ಗಾಡಿ ಪ್ಲಗ್ ತಿನ್ನುತ್ತಿತ್ತು. ಮೇಷ್ಟ್ರು ಗ್ಯಾರೇಜಿಗೆ ಬರುತ್ತಿದ್ದುದು ಮಧ್ಯಾಹ್ನ ಬಿಡುವಿನಲ್ಲಿ, ಮಾಮು ನಮಾಜಿಗೋ ಊಟಕ್ಕೋ ಹೋದಾಗ. ಗ್ಯಾರೇಜಿನಲ್ಲಿ ನಾವಿರುತ್ತಿದ್ದೆವು. ಹತ್ತನೇ ತರಗತಿ ಮುಗಿಸಿದ ಬೇಸಿಗೆ ಅದು. ಪ್ಲಗ್ ಬಿಚ್ಚುತ್ತಿದ್ದೆವು. ಒದ್ದೆ, ಕಪ್ಪು, ಜಿಡ್ಡು. "ಸಾರ್, ನೀವು ಆಯಿಲ್ ಜಾಸ್ತಿ ಹಾಕ್ತಿದ್ದೀರಿ" ಎನ್ನುತ್ತಿದ್ದೆವು. "ಇಲ್ಲಪ್ಪಾ, ಅಳತೆ ಡಬ್ಬಿಯಲ್ಲೇ ಹಾಕಿಸ್ತೀನಿ" ಎನ್ನುತ್ತಿದ್ದರು. "ಹಾಗಾದರೆ ನಿಧಾನ ಓಡಿಸ್ತೀರಿ ಸಾರ್, ಗಾಡಿಯನ್ನ ಜೋರಾಗಿ ಓಡಿಸಬೇಕು" ಎಂದು ಹೊಸ ಪ್ಲಗ್ ಹಾಕಿ ಕಳಿಸುತ್ತಿದ್ದೆವು. ಒಂದು ಸಲ ಹೆಚ್ಚಿಗೆ ಇರಲಿ ಎಂದು ಜೇಬಿಗೂ ಒಂದು ಪ್ಲಗ್ ಕೊಟ್ಟೆವು.

ಪ್ಲಗ್ಗುಗಳನ್ನು ಮಾಮು ಇಡುತ್ತಿರಲಿಲ್ಲ. ಎದುರಿನ ಬಿಡಿಭಾಗದ ಅಂಗಡಿಯಿಂದ ನಾವು ತರುತ್ತಿದ್ದೆವು. ಒಂದು ಪ್ಲಗ್ಗಿಗೆ ಅಂಗಡಿಯವರು ನಮ್ಮ ಕೈಗೆ ಐದು ರೂಪಾಯಿ ಇಡುತ್ತಿದ್ದರು. ಇದು ಮಾಮುವಿಗೆ ಗೊತ್ತಿರಲಿಲ್ಲ. ಅಣ್ಣನಿಗೂ ಗೊತ್ತಿರಲಿಲ್ಲ. ಇಲ್ಲಿ 'ನಾವು' ಎಂದರೆ ಒಬ್ಬರೇ ಎಂದು ಓದುಗರು ತಿಳಿಯಬೇಕು.

ಗಾಡಿಯ ಕಾಯಿಲೆ ನಮಗೆ ಗೊತ್ತಿರಲಿಲ್ಲ, ನಿಜ. ಆದರೆ ಹುಡುಕಲೂ ಇಲ್ಲ. ಕಾಯಿಲೆ ಉಳಿದಷ್ಟು ದಿನ ಐದೈದು ರೂಪಾಯಿ ಬರುತ್ತಿರುವಾಗ ಹುಡುಕುವ ಕಣ್ಣು ತಾನೇ ಮಂಜಾಗುತ್ತದೆ. ಇದನ್ನು ನಾವು ಆಮೇಲೆ ಎಷ್ಟೋ ದೊಡ್ಡ ದೊಡ್ಡ ಜಾಗಗಳಲ್ಲಿ ನೋಡಿದೆವು. ಮೊದಲು ನೋಡಿದ್ದು ನಮ್ಮಲ್ಲೇ.

ಒಂದು ಶುಕ್ರವಾರ ನಾವು ಅಮ್ಮಿಯ ಜೊತೆ ಎಲ್ಲೋ ಹೋಗಿದ್ದಾಗ ಮೇಷ್ಟ್ರು ಬಂದರು. ಮಾಮು ಸಿಕ್ಕಿದರು. "ಸಾಬ್ರೇ, ಇದು ಎಂಟನೇ ಪ್ಲಗ್ಗು" ಎಂದರಂತೆ ಮೇಷ್ಟ್ರು. ಮಾಮು ಪ್ಲಗ್ ಬಿಚ್ಚಿ ಬೆಳಕಿಗೆ ಹಿಡಿದರು. ಮೂಸಿ ನೋಡಿದರು. ಪ್ಲಗ್ಗನ್ನು ವೈರಿಗೆ ಸಿಕ್ಕಿಸಿ, ಪೆಟ್ರೋಲಿನ ಹಸಿ ಇರುವ ತೂತಿನಿಂದ ದೂರಕ್ಕೆ ಎಂಜಿನ್ನಿಗೆ ತಾಗಿಸಿ ಹಿಡಿದು ಕಿಕ್ ಹೊಡೆಸಿದರು. ಕಿಡಿ ನೀಲಿಯಾಗಿ ಚಟಪಟ ಎಂದಿತು. ಹಳದಿಯಾಗಿ ಸೋತ ಕಿಡಿಯಾಗಿದ್ದರೆ ಕಾಯಿಲೂ ಪಾಯಿಂಟೂ ನೋಡಬೇಕಿತ್ತು. ಫಿಲ್ಟರು ನೋಡಿದರು, ಚೊಕ್ಕವಾಗಿತ್ತು. ಟ್ಯಾಂಕಿನ ಪೆಟ್ರೋಲಿನ ಎರಡು ಹನಿ ಕಾಗದದ ಮೇಲೆ ಬಿಟ್ಟು ಆರಿದ ಮೇಲೆ ಉಳಿದ ಜಿಡ್ಡು ನೋಡಿದರು, ಅಳತೆ ಸರಿಯಾಗಿತ್ತು. ಆಮೇಲೆ ಯಾರೂ ನೋಡದ ಜಾಗಕ್ಕೆ ಹೋದರು. ಗೇರು ಬಾಕ್ಸಿನ ಎಣ್ಣೆ ಎಷ್ಟಿದೆ ನೋಡಿದರು. ಅರ್ಧ ಇರಲಿಲ್ಲ. ಗಾಡಿಯ ಕೆಳಗೆ ಒಂದು ತೊಟ್ಟೂ ಸೋರಿರಲಿಲ್ಲ.

ಎಣ್ಣೆ ಹೊರಗೆ ಹೋಗಿಲ್ಲ, ಆದರೂ ಕಡಿಮೆಯಾಗಿದೆ. ಹಾಗಿದ್ದರೆ ಒಳಗೇ ಹೋಗಿದೆ. ಯೆಜ್ಡಿಯಲ್ಲಿ ಕ್ಲಚ್ಚೂ ಗೇರೂ ಒಂದೇ ಎಣ್ಣೆಯಲ್ಲಿ ಮುಳುಗಿರುತ್ತವೆ. ಆ ಎಣ್ಣೆಗೂ ಕ್ರ್ಯಾಂಕಿಗೂ ನಡುವೆ ಒಂದು ರಬ್ಬರು ಸೀಲು ಇದೆ. ಅದು ಸವೆದರೆ ಪಿಸ್ಟನ್ನು ಮೇಲೇರಿದಾಗಲೆಲ್ಲ ಎಂಜಿನ್ನು ಗೇರಿನ ಎಣ್ಣೆಯನ್ನು ಒಳಗೆ ಹೀರುತ್ತದೆ. ಮೇಷ್ಟ್ರು ಎಷ್ಟೇ ಅಳೆದು ಹಾಕಿದರೂ ಗಾಡಿ ಕಳ್ಳತನದಲ್ಲಿ ಕುಡಿಯುತ್ತಲೇ ಇತ್ತು. ಸೈಲೆನ್ಸರುಗಳಿಂದ ದಪ್ಪ ಬಿಳಿ ಹೊಗೆ ಬರುತ್ತಿದ್ದುದನ್ನು ನಾವೂ ದಿನಾ ನೋಡಿದ್ದೆವು. ಹೊಸ ಸೀಲಿನ ಬೆಲೆ ಒಂದು ಪ್ಲಗ್ಗಿಗಿಂತ ಹೆಚ್ಚಿರಲಿಲ್ಲ. ಹಾಕುವ ಕೆಲಸ ಒಂದು ಮಧ್ಯಾಹ್ನದ್ದು.

ಮಾರನೆಯ ದಿನ ಮಾಮು ನಮ್ಮನ್ನು ಕರೆದು ಹಲಗೆಯ ಮೇಲೆ ಕೂರಿಸಿದರು. ಬೈಯಲಿಲ್ಲ. "ಎಂಟು ಪ್ಲಗ್ಗು. ನಿನಗೆ ಎಷ್ಟು ಸಿಕ್ತು ಬೇಟಾ?" ಎಂದರು. ಅಂಗಡಿಯವರನ್ನು ಕೇಳಿಯೇ ಬಂದಿದ್ದರು. ನಲವತ್ತು ಎಂದೆವು. "ಎಂಟೂ ಪ್ಲಗ್ಗಿನ ಪೂರ್ತಿ ದುಡ್ಡು ಮೇಷ್ಟ್ರಿಗೆ ಹೋಗಬೇಕು. ನಲವತ್ತು ನಿನ್ನದು, ಉಳಿದದ್ದು ನಾನು ಕೊಡ್ತೀನಿ. ನೀನು ಇಲ್ಲಿ ದುಡಿದು ತೀರಿಸು. ಆದರೆ ನೀನೇ ಹೋಗಿ ಕೊಡಬೇಕು, ಯಾಕೆ ಅಂತಲೂ ನೀನೇ ಹೇಳಬೇಕು."

ಮೇಷ್ಟ್ರ ಮನೆ ಬಾಡಿಗೆಯದು, ಎರಡು ಕೋಣೆ. ಬಾಗಿಲಲ್ಲೇ ನಿಂತೆವು. ಒಳಗೆ ಗೋಡೆಯ ಮೇಲೆ ಒಬ್ಬ ಅಜ್ಜಿಯ ಫೋಟೋ, ಹೊಸ ಹಾರ, ಕೆಳಗೆ ಸಣ್ಣ ದೀಪ. ಬರೆದಿದ್ದ ತಾರೀಖು ಮೂರು ವಾರ ಹಿಂದಿನದು.

ಒಳಗೆ ಕರೆದು ಕೂರಿಸಿ ಮೇಷ್ಟ್ರು ತಾವಾಗಿಯೇ ಹೇಳಿದರು. ಆ ರಾತ್ರಿ ಹಳ್ಳಿಯಿಂದ ಪಕ್ಕದ ಮನೆಗೆ ಫೋನು ಬಂದಿತ್ತು. ಹೊರಟರು. ಕಡಕೊಳದ ಹತ್ತಿರ ಗಾಡಿ ನಿಂತಿತು. ಜೇಬಿನಲ್ಲಿ ನಾವು ಕೊಟ್ಟಿದ್ದ ಇನ್ನೊಂದು ಪ್ಲಗ್ಗಿತ್ತು. ಬೆಂಕಿಕಡ್ಡಿ ಗೀರಿ ಗೀರಿ ಬೆಳಕು ಮಾಡಿಕೊಂಡು ಹಾಕಿದರು. ಸ್ವಲ್ಪ ದೂರ ಓಡಿ ಮತ್ತೆ ನಿಂತಿತು. ತಳ್ಳಿಕೊಂಡು ನಡೆದರು. ಬೆಳಗಿನ ಜಾವ ಒಂದು ತರಕಾರಿ ಲಾರಿ ಹತ್ತಿಸಿಕೊಂಡಿತು. ಹಳ್ಳಿ ಸೇರುವಾಗ ತಾಯಿಯನ್ನು ನಡುಮನೆಯಲ್ಲಿ ಮಲಗಿಸಿ ತಲೆಯ ಹತ್ತಿರ ದೀಪ ಇಟ್ಟಾಗಿತ್ತು.

"ಹೋಗಲಿ ಬಿಡು, ಗಾಡಿ ಏನು ಮಾಡುತ್ತೆ" ಎಂದರು.

ಆಗ ನಾವು ಹೇಳಬೇಕಿತ್ತು. ನಾಲಿಗೆ ಎದ್ದದ್ದೇ ಸ್ವಲ್ಪ ಹೊತ್ತಾದ ಮೇಲೆ. ಸೀಲಿನ ವಿಷಯ, ಹುಡುಕದೆ ಪ್ಲಗ್ ಮಾರಿದ ವಿಷಯ, ಐದು ರೂಪಾಯಿಯ ವಿಷಯ, ಎಲ್ಲ ಹೇಳಿದೆವು. ದುಡ್ಡು ಮುಂದೆ ಇಟ್ಟೆವು. ಮೇಷ್ಟ್ರು ತುಂಬ ಹೊತ್ತು ಫೋಟೋದ ಕಡೆ ನೋಡಿದರು. ಆಮೇಲೆ ದುಡ್ಡನ್ನು ಎಣಿಸಿ ಜೇಬಿಗೆ ಇಟ್ಟುಕೊಂಡರು. "ಬೇಡ ಅಂತ ವಾಪಸ್ ಕೊಟ್ಟರೆ ನಾನು ದೊಡ್ಡವನಾಗ್ತೀನಿ, ನಿನಗೆ ಪಾಠ ಆಗಲ್ಲ. ಅದಕ್ಕೇ ತಗೊಂಡೆ" ಎಂದರು. ಕ್ಷಮಿಸಿದೆ ಎನ್ನಲಿಲ್ಲ. ಎದ್ದು ಬರುವಾಗ ಅವರ ಮನೆಯವರು ಒಂದು ಲೋಟ ಮಜ್ಜಿಗೆ ಕೊಟ್ಟರು. ಕುಡಿಯದೆ ಬರುವ ಧೈರ್ಯವಾಗಲಿಲ್ಲ.

ಸೀಲು ಹಾಕಿದ ಮೇಲೆ ಆ ಯೆಜ್ಡಿ ಒಂದೇ ಪ್ಲಗ್ಗಿನಲ್ಲಿ ವರ್ಷಗಟ್ಟಲೆ ಓಡಿತು. ಮೇಷ್ಟ್ರು ಮಾಮುವಿನ ಗ್ಯಾರೇಜಿಗೇ ಬರುತ್ತಿದ್ದರು. ನಮ್ಮ ಮೊದಲ ಕಥೆಯನ್ನು ತಿದ್ದಿಕೊಟ್ಟವರೂ ಅವರೇ. ಅದರಲ್ಲಿ ಒಬ್ಬ ಮುದುಕಿ ಸಾಯುವ ದೃಶ್ಯವಿತ್ತು. ಅದರ ಪಕ್ಕ ಕೆಂಪು ಶಾಯಿಯಲ್ಲಿ ಒಂದು ಗೆರೆ ಎಳೆದು, "ನೋಡದ್ದನ್ನು ಇಷ್ಟು ವರ್ಣಿಸಬೇಡ" ಎಂದು ಬರೆದಿದ್ದರು. ಅವರೂ ಅದನ್ನು ನೋಡಿರಲಿಲ್ಲ ಎಂಬುದು, ಏಕೆ ನೋಡಲಿಲ್ಲ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಈಗ ಮೇಷ್ಟ್ರೂ ಇಲ್ಲ, ಮಾಮುವೂ ಇಲ್ಲ.

ಟೂ ಸ್ಟ್ರೋಕ್ ಗಾಡಿಗಳೂ ಹೆಚ್ಚುಕಡಿಮೆ ಹೋದವು. ಅದಕ್ಕೆ ಅಳುವವರಲ್ಲಿ ನಾವಿಲ್ಲ. ಒಳಗೆ ಬಂದ ಪೆಟ್ರೋಲಿನಲ್ಲಿ ಒಂದು ದೊಡ್ಡ ಪಾಲು ಉರಿಯದೆಯೇ ಸೈಲೆನ್ಸರಿನಿಂದ ಹೊರಗೆ ಹೋಗುವ ಯಂತ್ರ ಅದು. 2000ದಿಂದ ಹೊಗೆಯ ನಿಯಮ ಬಿಗಿಯಾದಂತೆ ಅದು ರಸ್ತೆಯಿಂದ ಇಳಿಯಲೇಬೇಕಿತ್ತು. ಒಂದು ಬೀಡಿಯನ್ನೂ ಸೇದದ ಮಾಮುವಿನ ಕೆಮ್ಮು ನಮಗೆ ಇನ್ನೂ ಕೇಳಿಸುತ್ತದೆ. ಜಾವಾ 2018ರಲ್ಲಿ, ಯೆಜ್ಡಿ 2022ರಲ್ಲಿ ಮತ್ತೆ ಬಂದವು, ಆದರೆ ಫೋರ್ ಸ್ಟ್ರೋಕ್ ಆಗಿ. ಹಳೆಯವು ಉಳಿದಿರುವುದು ಪ್ರೀತಿಯಿಂದ ಇಟ್ಟುಕೊಂಡವರ ಮನೆಗಳಲ್ಲಿ, ಮತ್ತು ಮಣ್ಣಿನಲ್ಲಿ ಓಡಿಸುವ ಹುಡುಗರ ಕೈಯಲ್ಲಿ.

ಅಂಗಳಕ್ಕೆ ಬರೋಣ. "ಮೂರು ಪ್ಲಗ್ಗೂ ಇದೆಯೇನೋ?" ಎಂದೆವು. ಜೇಬಿನಿಂದ ತೆಗೆದು ಕೊಟ್ಟ. ಮೂರೂ ಒದ್ದೆ, ಮೂರೂ ಕಪ್ಪು. ಸಾಕ್ಷಿಗಳು ಒಂದೇ ಮಾತು ಹೇಳುತ್ತಿದ್ದವು.

"ಎಣ್ಣೆ ಎಲ್ಲಿ ಹಾಕ್ತೀಯಾ?"

"ಪೆಟ್ರೋಲ್‌ಗೇ ಮಿಕ್ಸ್ ಮಾಡ್ತೀನಿ ಮಾಮು. ವಿಡಿಯೋದಲ್ಲಿ ಹಾಗೇ ತೋರಿಸಿದ್ರು. ರೇಸ್ ಗಾಡಿಗೆ ಮಿಕ್ಸ್ ಮಾಡಬೇಕು."

"ಪಂಪು ತೆಗೆದಿದ್ದೀಯಾ?"

ತೆಗೆದಿರಲಿಲ್ಲ. ಪಂಪೂ ಎಣ್ಣೆ ಕೊಡುತ್ತಿತ್ತು, ಟ್ಯಾಂಕೂ ಕೊಡುತ್ತಿತ್ತು. ಗಾಡಿಗೆ ಎರಡು ಮನೆಯ ಊಟ. ಏರ್ ಫಿಲ್ಟರಿನ ಸ್ಪಂಜು ಹಿಂಡಿದರೆ ಕೆಸರು ಬಂತು. ಪ್ಲಗ್ಗಿನ ನಂಬರು ನೋಡಿದರೆ ಅದು ಕಂಪನಿ ಹೇಳಿದ್ದಕ್ಕಿಂತ ಎರಡು ಮೆಟ್ಟಿಲು ತಂಪು. ಅಂಗಡಿಯಲ್ಲಿ 'ರೇಸಿಂಗ್ ಪ್ಲಗ್' ಎಂದು ಕೊಟ್ಟಿದ್ದರಂತೆ. ಪ್ಲಗ್ಗಿನ ತುದಿ ಸುಮಾರು 450ರಿಂದ 500 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ತನ್ನ ಮೇಲಿನ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. ತಂಪು ಪ್ಲಗ್ಗು ಸದಾ ಜೋರಾಗಿ ಓಡುವ ಗಾಡಿಗೆ ಸರಿ. ಕಾಲೇಜಿನ ಹಿಂದಿನ ಮೈದಾನದಲ್ಲಿ ನಿಂತು ನಿಂತು ಓಡುವ ಗಾಡಿಯಲ್ಲಿ ಅದು ಆ ಕಾವನ್ನು ಮುಟ್ಟುವುದೇ ಇಲ್ಲ. ನಂಬರಿನಲ್ಲೂ ಒಂದು ಮೋಸವಿದೆ. ಎನ್‌ಜಿಕೆ ಪ್ಲಗ್ಗಿನಲ್ಲಿ ಅಂಕಿ ಹೆಚ್ಚಿದಷ್ಟೂ ತಂಪು. ಬೆಂಗಳೂರಿನವರು ಬಹುಕಾಲ ಮೈಕೋ ಎಂದೇ ಕರೆದ, 2008ರಿಂದ ಬಾಷ್ ಎಂದು ಹೆಸರಿರುವ ಕಂಪನಿಯ ಈಗಿನ ಪ್ಲಗ್ಗಿನಲ್ಲಿ ಅಂಕಿ ಹೆಚ್ಚಿದಷ್ಟೂ ಬಿಸಿ. ಒಂದರ ಬದಲು ಇನ್ನೊಂದನ್ನು ಅಂಕಿ ನೋಡಿ ಕೊಂಡವನು ಕೆಟ್ಟ.

ಮಾಮುವಿನ ಕ್ರಮದಲ್ಲೇ ಒಂದು ಸಲಕ್ಕೆ ಒಂದನ್ನೇ ಸರಿ ಮಾಡಿದೆವು. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಗುಣವಾದದ್ದು ಯಾವುದರಿಂದ ಎಂದು ಎಂದೂ ತಿಳಿಯುವುದಿಲ್ಲ. ಟ್ಯಾಂಕು ಖಾಲಿ ಮಾಡಿ ಬರೀ ಪೆಟ್ರೋಲು ಹಾಕಿದೆವು. ಪಂಪಿನ ಕೊಳವೆಯಲ್ಲಿ ಗಾಳಿಯ ಗುಳ್ಳೆ ಇಲ್ಲವೆಂದು ಖಾತ್ರಿ ಮಾಡಿಕೊಂಡೆವು. ಪೆಟ್ರೋಲ್ ನಲ್ಲಿ ಮುಚ್ಚಿ, ಪ್ಲಗ್ ಬಿಚ್ಚಿ, ಆಕ್ಸಿಲರೇಟರು ಪೂರ್ತಿ ತೆರೆದು ಹತ್ತು ಕಿಕ್ ಹೊಡೆಸಿ ಒಳಗಿನ ಹಸಿ ಹೊರಗೆ ಹಾಕಿದೆವು. ಹಳೆಯ ಪ್ಲಗ್ಗೊಂದನ್ನು ಪೆಟ್ರೋಲಿನಲ್ಲಿ ತೊಳೆದು, ತಂತಿ ಬ್ರಷ್ಷಿನಲ್ಲಿ ಉಜ್ಜಿ, ಚೆನ್ನಾಗಿ ಒಣಗಿಸಿ, ಮಾಮು ಮಾಡುತ್ತಿದ್ದಂತೆ ಹ್ಯಾಕ್‌ಸಾ ಬ್ಲೇಡು ತೂರಿಸಿ ಗ್ಯಾಪು ನೋಡಿ ಹಾಕಿದೆವು. ಹೊಗೆ ಇಳಿಯಿತು, ಆದರೆ ಹತ್ತು ಸುತ್ತಿನ ಮೇಲೆ ಮತ್ತೆ ಬಕ್ ಎಂದಿತು. ಆಗ ಪ್ಲಗ್ಗು ಒಣ ಮಸಿಯಾಗಿತ್ತು. ಒದ್ದೆ ಹೋಗಿ ಒಣಗಿದ್ದೇ ಮುಂದಿನ ದಾರಿ ತೋರಿಸಿತು. ಸ್ಪಂಜನ್ನು ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ, ಸ್ವಲ್ಪ ಎಣ್ಣೆ ಸವರಿ ಹಾಕಿದೆವು. ಕೊನೆಗೆ ಕಂಪನಿ ಹೇಳಿದ ನಂಬರಿನ ಪ್ಲಗ್ಗು. ಸಂಜೆ ಅದನ್ನು ಬಿಚ್ಚಿ ನೋಡಿದಾಗ ತುದಿ ಬಿಸ್ಕತ್ತಿನ ಬಣ್ಣಕ್ಕೆ ತಿರುಗುತ್ತಿತ್ತು.

ಹುಡುಗ ಕುಣಿದಾಡಿದ. ಕೈ ತೊಳೆಯುತ್ತಾ ಕೇಳಿದೆವು, "ಗಾಡಿ ನಿನ್ನದೇನೋ?"

"ಅಲ್ಲ ಮಾಮು, ಹಾಸ್ಟೆಲ್ ಫ್ರೆಂಡ್‌ದು. ನಾನೇ ರಿಪೇರಿ ಮಾಡಿಕೊಡ್ತೀನಿ ಅಂದಿದ್ದೆ."

"ಆ ಮೂರು ಪ್ಲಗ್ಗಿನ ದುಡ್ಡು ಯಾರದು?"

ಅವನು ಸುಮ್ಮನಾದ. ಪ್ಲಗ್ಗಿನ ದುಡ್ಡು, ಅದರ ಮೇಲೆ ಪ್ರತಿ ಸಲ ಸ್ವಲ್ಪ ಕೂಲಿ, ಎರಡೂ ಆ ಗೆಳೆಯನಿಂದ ತೆಗೆದುಕೊಂಡಿದ್ದ.

ಚಹಾ ಮಾಡಿಸಿ, ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಈಗ ನಿಮಗೆ ಹೇಳಿದ್ದನ್ನೆಲ್ಲ ಅವನಿಗೆ ಹೇಳಿದೆವು. ಕಡಕೊಳದ ಬಳಿ ಬೆಂಕಿಕಡ್ಡಿ ಗೀರಿದ ಮಾತು ಬಂದಾಗ ಅವನು ಲೋಟ ಕೆಳಗಿಟ್ಟ. ಮಾತು ಮುಗಿದ ಮೇಲೆ ಏನೂ ಹೇಳದೆ ಫೋನು ತೆಗೆದು, ಅಷ್ಟೂ ದುಡ್ಡನ್ನು ಗೆಳೆಯನಿಗೆ ವಾಪಸು ಕಳಿಸಿದ. ಆಮೇಲೆ ಅವನಿಗೆ ಕರೆ ಮಾಡಿದ.

"ಲೋ, ದುಡ್ಡು ಬಂತಾ? ಅದು ಯಾಕೆ ಅಂದ್ರೆ..." ಎನ್ನುತ್ತಾ ಎದ್ದು ಗೇಟಿನ ಕಡೆ ಹೋದ.

ನಾವು ಮೂರು ಕಪ್ಪು ಪ್ಲಗ್ಗುಗಳನ್ನು ಕಾಗದದಲ್ಲಿ ಸುತ್ತಿ ಒಳಗೆ ಎತ್ತಿಟ್ಟೆವು.